ಅಂಟಿನ ತೂಕ

ಮಾರ್ಚ್ ೪

ತಂಗಿಗೆ,

ನಿನ್ನ ಕ್ಷೇಮ ವಿಚಾರಿಸುವುದಕ್ಕೆ ಬರೆದ ಕಾಗದವಲ್ಲ ಇದು. ಅಪ್ಪ ಹೋದ ಮೇಲೆ ಮೂರು ವರ್ಷ ನಾವಿಬ್ಬರೂ ಮಾತಿಲ್ಲದೆ ಇದ್ದೆವು, ಅದರಿಂದ ಯಾರಿಗೂ ಜ್ವರ ಬರಲಿಲ್ಲ. ಇನ್ನೂ ಮೂರು ವರ್ಷ ಹಾಗೇ ಇರಬಹುದಿತ್ತು. ಆದರೆ ನಿನ್ನ ಪ್ರಬಂಧ ನನ್ನ ಶೆಡ್ಡಿನೊಳಕ್ಕೆ ಕಾಲಿಟ್ಟು ಕೆಲಸ ಕೆಡಿಸಿದೆ. ಅದಕ್ಕೇ ಪೆನ್ನು ಹಿಡಿದೆ.

ಒಂದು ಲಾಂಡ್ರಿ ಕಾರ್ಖಾನೆಯ ಬಾಯ್ಲರಿನಿಂದ ನೂರ ಅರವತ್ತು ಕೊಳವೆಗಳು ತೊಳೆಯಲು ಬಂದಿದ್ದವು. ಕೋಟು ಹಾಕಿಕೊಂಡ ಮೇಲೆ ನಮ್ಮ ಕೆಲಸ ನಿನಗೆ ಮರೆತಿರಬಹುದು, ನೆನಪಿಸುತ್ತೇನೆ. ತುಕ್ಕು ಹಿಡಿದ ಉಕ್ಕನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸುತ್ತೇವೆ. ಆಸಿಡ್ ತುಕ್ಕನ್ನು ತಿನ್ನುತ್ತದೆ, ತುಕ್ಕು ಮುಗಿದ ಮೇಲೆ ಉಕ್ಕಿಗೇ ಬಾಯಿ ಹಾಕುತ್ತದೆ. ಹಾಗಾಗದಿರಲಿ ಎಂದು ಅಪ್ಪ ತೊಟ್ಟಿಗೆ ಜಾಲಿ ಮರದ ಅಂಟು ಕರಗಿಸಿ ಹಾಕುತ್ತಿದ್ದ. ಅಂಟು ಉಕ್ಕಿನ ಮೈಗೆ ತೆಳ್ಳಗೆ ಹತ್ತಿಕೊಂಡು ಕಾಪಾಡುತ್ತದೆ. ಅಪ್ಪ ಹೋದ ಮೇಲೆ ನಾನು ಪೇಟೆಯ ಡಬ್ಬದ ರಾಸಾಯನಿಕ ತರಿಸಿದೆ. ಅದರ ಘಾಟಿಗೆ ಕೆಲಸದವರು ಕೆಮ್ಮಿ ಕೆಮ್ಮಿ ಬಾಗಿಹೋದರು. ಮತ್ತೆ ಅಂಟಿಗೇ ಹೋಗೋಣ ಅನ್ನಿಸಿ ನಿನ್ನ ಪ್ರಬಂಧ ತರಿಸಿ ಓದಿದೆ.

ಲೀಟರಿಗೆ ಎರಡು ಗ್ರಾಂ ಅಂಟು ಹಾಕಿದರೆ, ನೂರು ಭಾಗ ಸವೆಯಬೇಕಾದ ಉಕ್ಕಿನಲ್ಲಿ ತೊಂಬತ್ತೆರಡು ಭಾಗ ಉಳಿಯುತ್ತದೆ ಎಂದು ಬರೆದಿದ್ದೀಯ. ಅಪ್ಪನ ಕಾಲದಲ್ಲಿ ಅರ್ಧ ಗಂಟೆಗೆ ಕೊಳವೆ ಎತ್ತುತ್ತಿದ್ದೆವು. ನಿನ್ನ ಅಂಕಿಯನ್ನು ನಂಬಿ ಈ ಸಲ ಇಡೀ ಪಾಳಿ ಬಿಟ್ಟೆ. ಎತ್ತಿ ಕ್ಯಾಲಿಪರ್ ಹಿಡಿದರೆ ಕೊಳವೆಯ ಗೋಡೆ ತೆಳ್ಳಗಾಗಿತ್ತು. ಲಾಂಡ್ರಿಯವರು ಒತ್ತಡ ಕೊಟ್ಟು ನೋಡಿದರು, ಮೂರು ಕೊಳವೆ ಸೋರಿದವು. ನೂರ ಅರವತ್ತನ್ನೂ ವಾಪಸು ಕಳಿಸಿದರು.

ಆಸಿಡ್ ತೊಟ್ಟಿಯನ್ನು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಎಡಚಣ್ಣ. ಅವನನ್ನೂ ಮರೆತಿದ್ದೀಯೇನೋ. ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು. ಅವನನ್ನು ಕರೆದು ಪೇಂಟರ್, ಕ್ರೇನಿನವನು, ಗುಮಾಸ್ತೆ, ಲಾರಿಗೆ ತುಂಬುವವನು ಎಲ್ಲರ ಮುಂದೆ ಕೇಳಿದೆ, ಅಂಟು ಸರಿಯಾಗಿ ತೂಗಿದೆಯಾ ಅಂತ. ತೂಗಿದ್ದೀನಿ ಅಂದ. ಎರಡನೇ ಸಲ ಕೇಳಿದೆ. ತೂಗಿದ್ದೀನಿ ಅಂದ್ನಲ್ಲ ಅಂದ. ನನ್ನ ಒಂದು ಕೈಯಲ್ಲಿ ಅಚ್ಚಾದ ಕಾಗದ, ಇನ್ನೊಂದು ಕೈಯಲ್ಲಿ ಸೋರುವ ಕೊಳವೆ. ತೂಕ ಕದ್ದಿದ್ದೀಯ, ನಾಳೆಯಿಂದ ಬರಬೇಡ ಅಂದುಬಿಟ್ಟೆ. ಅವನು ಕೈಗವಸು ಬಿಚ್ಚಿ, ಒಂದರೊಳಗೊಂದು ಮಡಿಸಿಟ್ಟು ಹೋದ.

ಈಗ ಕೇಳುತ್ತೇನೆ, ಸುತ್ತಿ ಬಳಸದೆ ಹೇಳು. ನಿನ್ನ ಅಂಕಿ ಸರಿಯಾದರೆ ಅವನು ಸುಳ್ಳ. ಅವನು ಸರಿಯಾದರೆ ನೀನು ಸುಳ್ಳಿ. ಯಾರು?

ಇಂತಿ,
ಶೆಡ್ಡಿನವಳು


ಮಾರ್ಚ್ ೧೫

ಅಕ್ಕನಿಗೆ,

ಮೂರು ವರ್ಷದ ಮೇಲೆ ಬರೆದವಳು ನೇರವಾಗಿ ಸುಳ್ಳಿ ಎಂದೇ ಶುರುಮಾಡಿದೆ. ಸಂತೋಷ, ನೀನು ಬದಲಾಗಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿನ್ನ ಶೆಡ್ಡಿನ ತೊಟ್ಟಿ ನನಗೆ ಗೊತ್ತಿಲ್ಲವೇ? ಒಂದೇ ಆಮ್ಲವನ್ನು ತಿಂಗಳುಗಟ್ಟಲೆ ಬಳಸುತ್ತೀರಿ. ತಳದಲ್ಲಿ ಮೊಣಕಾಲುದ್ದ ಕೆಸರು. ಅಂಟನ್ನು ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಅಳೆಯುತ್ತೀರಿ. ನನ್ನ ಪ್ರಯೋಗದಲ್ಲಿ ಆಮ್ಲ ಶುದ್ಧ, ತಕ್ಕಡಿ ಮಿಲಿಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವಂಥದ್ದು, ಪ್ರತಿ ಅಳತೆಯನ್ನೂ ಐದೈದು ಸಲ ಮಾಡಿದ್ದೇನೆ. ಮೂವರು ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲೆ ಅಚ್ಚಾಗಿದೆ. ನಿನ್ನ ಎಡಚಣ್ಣನ ಅಳತೆಯನ್ನು ಯಾರು ಪರೀಕ್ಷಿಸಿದರು? ಅವನಿಗೆ ಅರವತ್ತು ದಾಟಿದೆ, ತಕ್ಕಡಿಯ ಮುಳ್ಳು ಕಾಣಿಸುತ್ತದೆಯೋ ಇಲ್ಲವೋ. ಸುಳ್ಳ ಎಂದು ನಾನು ಹೇಳುವುದಿಲ್ಲ. ತಪ್ಪಾಗಿ ತೂಗಿದ್ದಾನೆ, ಅಷ್ಟೆ.

ಪ್ರಬಂಧದಲ್ಲಿ ಅಪ್ಪನ ಹೆಸರು ಹಾಕಲಿಲ್ಲ ಎಂಬ ಸಿಟ್ಟು ನಿನ್ನ ಹೊಟ್ಟೆಯಲ್ಲಿ ಇನ್ನೂ ಇದೆ, ಅದೇ ಈಗ ಕೊಳವೆಯಾಗಿ ಸೋರುತ್ತಿದೆ. ಅಪ್ಪ ಅಂಟು ಹಾಕುತ್ತಿದ್ದದ್ದು ನಿಜ. ಎಷ್ಟು ಹಾಕುತ್ತಿದ್ದ, ಎಷ್ಟು ಉಳಿಯಿತು ಎಂದು ಒಂದು ಚೀಟಿಯಲ್ಲಾದರೂ ಬರೆದಿಟ್ಟನೇ? ನಮ್ಮಪ್ಪ ಮಾಡುತ್ತಿದ್ದರು ಎಂದು ಪ್ರಬಂಧದಲ್ಲಿ ಬರೆದರೆ ಓದುವವರು ನಗುತ್ತಾರೆ.

ಈ ಪ್ರಬಂಧದಿಂದಲೇ ನನಗೆ ಈ ಹುದ್ದೆ ಸಿಕ್ಕಿದೆ, ಜೂನಿನಲ್ಲಿ ಖಾಯಂ ಆಗಬೇಕು. ಮೇ ಕೊನೆಗೆ ಒಂದು ಕಾಗದದ ಗಿರಣಿ ತನ್ನ ಬಾಯ್ಲರನ್ನು ನನ್ನ ವಿಧಾನದಲ್ಲೇ ತೊಳೆಯಲಿದೆ. ಅವರ ಎಂಜಿನಿಯರುಗಳಿಗೆ ಇಲ್ಲದ ಅನುಮಾನ ನಿನಗೆ. ಇನ್ನು ಈ ವಿಷಯದಲ್ಲಿ ಬರೆಯಬೇಡ.

ಇಂತಿ,
ಹಿರಿಯ ಸಂಶೋಧಕಿ (ನಿನಗೆ ತಂಗಿಯೂ ಹೌದು)


ಏಪ್ರಿಲ್ ೨

ಹಿರಿಯ ಸಂಶೋಧಕಿಯವರಿಗೆ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಚಿಕ್ಕಂದಿನಿಂದ ನಿನ್ನ ಮಾತು ನಾನು ಯಾವತ್ತು ಕೇಳಿದ್ದೇನೆ?

ಆಸಿಡ್ ಹಳೆಯದು ಅಂದೆಯಲ್ಲ, ಹೊಸ ಆಸಿಡ್ ತರಿಸಿದೆ. ಡಬ್ಬದಲ್ಲಿ ಅಳೆಯುತ್ತೀರಿ ಅಂದೆಯಲ್ಲ, ಔಷಧಿ ಅಂಗಡಿಯ ತಕ್ಕಡಿ ಎರವಲು ತಂದೆ. ಹೊಸ ಬಕೆಟ್, ಹೊಸ ಅಂಟು, ಲೀಟರಿಗೆ ಎರಡು ಗ್ರಾಂ, ಹಿಂದಿನ ದಿನವೇ ತಣ್ಣೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ನನ್ನ ಕೈಯಾರೆ ಹಾಕಿದೆ. ಯಾರನ್ನೂ ಹತ್ತಿರ ಬಿಡಲಿಲ್ಲ. ಆರು ತುಂಡು ಕೊಳವೆ ಇಳಿಸಿದೆ, ಇಡೀ ಪಾಳಿ ಬಿಟ್ಟೆ. ಆರೂ ತೆಳ್ಳಗಾದವು, ಲಾಂಡ್ರಿಯ ಕೊಳವೆಗಳಷ್ಟೇ ತೆಳ್ಳಗೆ.

ಅಂಟು ಏನೂ ಮಾಡುವುದಿಲ್ಲ ಅಂತಲ್ಲ. ಅಂಟಿಲ್ಲದ ಬಕೆಟ್ಟಿನಲ್ಲಿದ್ದ ತುಂಡು ಜರಡಿಯ ಹಾಗಾಗಿತ್ತು. ಕಾಪಾಡುತ್ತದೆ, ಆದರೆ ನೀನು ಹೇಳಿದಷ್ಟಲ್ಲ. ಎಲ್ಲಿಯ ತೊಂಬತ್ತೆರಡು, ಯಾವ ಮೂಟೆಯಿಂದ ತಂದೆ ಅದನ್ನು?

ನಿನ್ನ ಪ್ರಯೋಗ ಹೇಗೆ ಮಾಡಿದೆ ಅಂತ ಬರೆದು ಕಳಿಸು. ಪ್ರಬಂಧದ ಭಾಷೆಯಲ್ಲಿ ಬೇಡ, ಅದರಲ್ಲಿ ಎಲ್ಲವೂ ತಾನೇ ತಾನಾಗಿ ನಡೆಯುತ್ತದೆ, ಯಾರೂ ಏನೂ ಮಾಡುವುದಿಲ್ಲ. ಕೈ ಎಲ್ಲಿಟ್ಟೆ, ಏನು ಎತ್ತಿದೆ, ಏನು ಇಳಿಸಿದೆ, ಹೊಸಬಳಿಗೆ ಅಡುಗೆ ಹೇಳಿಕೊಡುವ ಹಾಗೆ ಬರೆ.

ಮೊನ್ನೆ ಎಡಚಣ್ಣನ ಬೀದಿಯಲ್ಲಿ ಹೋದೆ. ಜಗಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿದ, ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನಾನೇ ತಿರುಗಿಸಿದೆ. ಊರಲ್ಲಿರುವ ಇನ್ನೆರಡು ಶೆಡ್ಡಿನವರೂ ಅವನನ್ನು ಕರೆದಿಲ್ಲವಂತೆ. ತೂಕ ಕದ್ದವನು ಅಂತ ಮಾತು ಹಬ್ಬಿದೆ. ಹಬ್ಬಿಸಿದ್ದು ನಾನಲ್ಲ, ಆದರೆ ಮೊದಲು ಆಡಿದ್ದು ನಾನೇ.

ಆಸ್ಪತ್ರೆಯಲ್ಲಿ ಅಪ್ಪ ಕೊನೆಯ ವಾರ ನಿನ್ನನ್ನು ದಿನಾ ಕೇಳುತ್ತಿದ್ದ. ನೀನು ಯಾವುದೋ ಸಮ್ಮೇಳನದಲ್ಲಿ ನಿಂತು ಅವನ ಅಂಟಿನ ಬಗ್ಗೆ ಭಾಷಣ ಮಾಡುತ್ತಿದ್ದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಇಂತಿ,
ಶೆಡ್ಡಿನವಳು


ಏಪ್ರಿಲ್ ೧೧

ಅಕ್ಕನಿಗೆ,

ಆಸ್ಪತ್ರೆಯ ಮಾತನ್ನು ಎಲ್ಲಿ ತಂದು ಇಟ್ಟರೆ ನೋಯುತ್ತದೆ ಎಂದು ನಿನಗೆ ಚೆನ್ನಾಗಿ ಗೊತ್ತು. ಅಪ್ಪನಿಗೆ ಅಷ್ಟು ಜೋರಾಗಿದೆ ಎಂದು ನನಗೆ ತಂತಿಯಾಗಲಿ ಫೋನಾಗಲಿ ಮಾಡಲಿಲ್ಲ. ಆಮೇಲೆ ಬರಲಿಲ್ಲ ಎಂದು ಹೇಳಿಕೊಂಡು ತಿರುಗಿದೆ. ಅದು ಅಲ್ಲಿಗಿರಲಿ.

ಅಡುಗೆ ಕೇಳಿದೆಯಲ್ಲ, ತಗೋ.

ಉಕ್ಕಿನ ತೆಳು ಬಿಲ್ಲೆ, ಐದು ಸೆಂಟಿಮೀಟರ್ ಉದ್ದ, ಎರಡು ಅಗಲ. ಮೇಲೊಂದು ತೂತು. ಮರಳುಕಾಗದದಿಂದ ಕನ್ನಡಿಯಂತಾಗುವವರೆಗೆ ಉಜ್ಜಿದೆ. ಜಿಡ್ಡು ತೊಳೆದೆ, ಒಣಗಿಸಿದೆ, ತೂಗಿದೆ. ಎರಡು ಗಾಜಿನ ಪಾತ್ರೆ ತೆಗೆದುಕೊಂಡೆ. ಒಂದರಲ್ಲಿ ಬರೀ ಆಮ್ಲ, ಇನ್ನೊಂದರಲ್ಲಿ ಆಮ್ಲದ ಜೊತೆ ಅಂಟು. ಬಿಲ್ಲೆಗಳನ್ನು ದಾರದಲ್ಲಿ ಕಟ್ಟಿ ಒಂದೊಂದರಲ್ಲಿ ಒಂದೊಂದು ಇಳಿಬಿಟ್ಟೆ. ಒಂದು ಗಂಟೆ ಗಡಿಯಾರ ನೋಡಿಕೊಂಡು ಕೂತೆ. ಎತ್ತಿದೆ. ನೀರಿನಲ್ಲಿ ಒಮ್ಮೆ ಅದ್ದಿ ತೆಗೆದೆ, ದಾರದ ಸಮೇತ ತೂಗುಹಾಕಿ ಒಣಗಿಸಿದೆ, ಮತ್ತೆ ತೂಗಿದೆ. ಬರೀ ಆಮ್ಲದ ಬಿಲ್ಲೆ ನಲವತ್ತು ಮಿಲಿಗ್ರಾಂ ಕಳೆದುಕೊಂಡಿತ್ತು. ಅಂಟಿನದು ಮೂರೇ ಮೂರು. ನಲವತ್ತರ ಕಡೆ ಮೂರು. ಭಾಗಾಕಾರ ನಿನಗೂ ಬರುತ್ತದೆ.

ಇದರಲ್ಲಿ ಎಲ್ಲಿದೆ ಸುಳ್ಳು, ಬೆರಳಿಟ್ಟು ತೋರಿಸು. ತೋರಿಸಲಾಗದಿದ್ದರೆ ಬಾಯಿ ಮುಚ್ಚಿಕೊಂಡಿರು.

ಇಂತಿ,
ತಂಗಿ


ಏಪ್ರಿಲ್ ೧೬

ತಂಗಿಗೆ,

ಒರೆಸಲಿಲ್ಲವಾ?

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನೀರಿನಲ್ಲಿ ಒಮ್ಮೆ ಅದ್ದಿ ತೆಗೆದೆ, ತೂಗುಹಾಕಿ ಒಣಗಿಸಿದೆ ಅಂತ ಬರೆದಿದ್ದೀಯ. ಹಾಗೆ ಮಾಡುವುದು ನಮ್ಮ ಶೆಡ್ಡಿನಲ್ಲಿ ಕಣೇ. ತೊಟ್ಟಿಯಿಂದ ಎತ್ತಿದ್ದನ್ನು ಒರೆಸಬಾರದು, ಉಜ್ಜಬಾರದು, ಒಂದು ಸಲ ನೀರು ಕಾಣಿಸಿ ನೇತುಹಾಕಬೇಕು. ಮೈಮೇಲೆ ಅಂಟಿನ ಪೊರೆ ಇದ್ದರೆ ಪೇಂಟರ್ ಬರುವವರೆಗೆ ತುಕ್ಕು ಹತ್ತುವುದಿಲ್ಲ. ಬಟ್ಟೆ ಮುಟ್ಟಿಸಿದರೆ ಗೆಣ್ಣಿಗೆ ಏಟು ಬೀಳುತ್ತಿತ್ತು, ನಿನಗೂ ಬಿದ್ದಿದೆ. ಅಪ್ಪನ ಶೆಡ್ಡಿನ ನಿಯಮ ಅದು. ಬೇರೆ ಯಾವ ಶೆಡ್ಡಿನಲ್ಲೂ ಹಾಗೆ ಮಾಡುವುದಿಲ್ಲ.

ನಮಗೆ ಅದು ಸರಿ. ನಾವು ತೂಗುವುದಿಲ್ಲ. ನೀನು ತೂಗುವವಳು. ಅಂಟಿನ ಬಿಲ್ಲೆಯ ಮೇಲೆ ಒಣಗಿದ ಅಂಟು ಇತ್ತು, ಅದರ ಸಮೇತ ತೂಗಿದ್ದೀಯ. ಆಸಿಡ್ ತಿಂದ ಉಕ್ಕಿನ ಜಾಗದಲ್ಲಿ ಅಂಟು ಕೂತು ತೂಕ ತುಂಬಿಸಿದೆ. ಅಂಟನ್ನೂ ಉಕ್ಕು ಅಂತ ಎಣಿಸಿದ್ದೀಯ ನೀನು.

ಇದೇ ಬೆರಳು. ಇಲ್ಲೇ ಇಟ್ಟಿದ್ದೇನೆ.

ಅಕ್ಕ


ಮೇ ೯

ತಂಗಿಗೆ,

ಮೂರು ವಾರವಾಯಿತು. ಬಾಯಿಗೆ ಬೀಗವಾ? ತಜ್ಞರು ಮೂವರೂ ಸೇರಿ ಉತ್ತರ ಹುಡುಕುತ್ತಿದ್ದಾರಾ?

ನನಗೆ ನಿನ್ನ ಹುದ್ದೆ ಗೊತ್ತಿಲ್ಲ, ಖಾಯಂ ಗೊತ್ತಿಲ್ಲ. ಒಬ್ಬ ಮನುಷ್ಯ ಜಗಲಿಯ ಮೇಲೆ ಕೂತಿದ್ದಾನೆ, ಅದು ಗೊತ್ತು. ಮತ್ತೆ ಈ ತಿಂಗಳ ಕೊನೆಗೆ ಗಿರಣಿಯವರು ಬಾಯ್ಲರಿಗೆ ಆಸಿಡ್ ತುಂಬುತ್ತಾರೆ, ಅದೂ ಗೊತ್ತು. ತೆಳ್ಳಗಾದ ಕೊಳವೆ ನನ್ನ ಶೆಡ್ಡಿನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ. ಅಲ್ಲಿ ಉಗಿ ತುಂಬಿದ ಮೇಲೆ ಸೋರಿದರೆ ಎದುರಿಗೆ ನಿಂತವರ ಚರ್ಮ ಉಳಿಯುವುದಿಲ್ಲ.

ಇಪ್ಪತ್ತನೇ ತಾರೀಖಿನೊಳಗೆ ನೀನು ಅವರಿಗೆ ಬರೆಯದಿದ್ದರೆ ನಾನು ಬರೆಯುತ್ತೇನೆ. ನನ್ನ ಬರವಣಿಗೆ ಕೆಟ್ಟದಾಗಿದೆ, ಆದರೆ ಓದಲು ಬರುತ್ತದೆ.

ಅಕ್ಕ


ಮೇ ೧೪

ಅಕ್ಕನಿಗೆ,

ನಿನ್ನ ಬೆದರಿಕೆ ಬರುವ ಮೊದಲೇ ಗಿರಣಿಗೆ ಬರೆದಾಗಿದೆ. ಬಾಯ್ಲರ್ ತೊಳೆಯುವುದನ್ನು ನಿಲ್ಲಿಸಿದ್ದಾರೆ. ನಿನಗೆ ಹೆದರಿ ಬರೆದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಬೇಡ.

ಒರೆಸಲಿಲ್ಲವಾ ಎಂದು ಓದಿದ ಕ್ಷಣವೇ ಗೊತ್ತಾಯಿತು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೂ ಗೊತ್ತಿರುವ ವಿಷಯ ಅದು. ತೂಗುವ ಮೊದಲು ಬಿಲ್ಲೆಯನ್ನು ಕುಂಚದಿಂದ ಉಜ್ಜಿ, ಮೈಮೇಲಿರುವುದನ್ನೆಲ್ಲ ತೆಗೆಯಬೇಕು. ನಾನೇ ಅವರಿಗೆ ಪಾಠ ಮಾಡುತ್ತೇನೆ. ಆದರೆ ಈ ಬಿಲ್ಲೆಗಳನ್ನು ಬೇರೆಯವರಿಗೆ ಕೊಡದೆ ನಾನೇ ಮಾಡಿದೆ. ಅಂಟು ನಮ್ಮ ಮನೆಯದು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಜಂಬ. ಬಿಲ್ಲೆಯ ಮೇಲೆ ಅಂಟು ಹೊಳೆಯುವುದನ್ನು ನೋಡಿದ್ದೇ ಕೈ ತಾನಾಗಿ ಹಿಂದಕ್ಕೆ ಸರಿದಿದೆ. ನೂರಾರು ಬಿಲ್ಲೆ. ಒಂದರ ಮೇಲೂ ಬಟ್ಟೆ ಮುಟ್ಟಿಸಲಿಲ್ಲ. ಮುಟ್ಟಿಸಲಿಲ್ಲ ಎಂಬುದು ನನಗೆ ನೆನಪಿನಲ್ಲೂ ಇರಲಿಲ್ಲ.

ಈ ಮೂರು ವಾರ ಎಲ್ಲವನ್ನೂ ಮತ್ತೆ ಮಾಡಿದೆ, ಉಜ್ಜಿ ತೂಗಿದೆ. ಮೂರು ಮಿಲಿಗ್ರಾಂ ಅಲ್ಲ, ಹನ್ನೆರಡು. ಒಂಬತ್ತು ಮಿಲಿಗ್ರಾಂ ಬರೀ ಅಂಟು. ತೊಂಬತ್ತೆರಡಲ್ಲ, ಎಪ್ಪತ್ತು. ಗಿರಣಿಯ ಎಂಜಿನಿಯರುಗಳು ಲೆಕ್ಕ ಹಾಕಿದ್ದಕ್ಕಿಂತ ನಾಲ್ಕು ಪಟ್ಟು ಉಕ್ಕು ಹೋಗುತ್ತಿತ್ತು. ನಿನ್ನ ಕೊಳವೆಗಳಲ್ಲೂ ಅದೇ ಹೋಗಿದೆ.

ಎಡಚಣ್ಣ ಸರಿಯಾಗಿ ತೂಗಿದ್ದ. ಹೋಗಿ ಹೇಳು ಅವನಿಗೆ.

ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ. ಹೀಗೆ ಒರೆಸದೆ ತೂಗಲು ಕಾರಣವೇನು ಎಂದು ಅವರು ಕೇಳಿದರು. ಅಂಟಿನ ಬಳಕೆಯೂ ಈ ರೂಢಿಯೂ ನನ್ನ ತಂದೆಯ ಶೆಡ್ಡಿನಿಂದ ಬಂದವು ಎಂದು ಬರೆದು, ಅಪ್ಪನಿಗೆ ಕೃತಜ್ಞತೆ ಹೇಳಿದ್ದೇನೆ. ನಿನಗೆ ಬೇಕಾಗಿದ್ದೂ ಅದೇ ತಾನೇ? ವಿಭಾಗದ ಮುಖ್ಯಸ್ಥರು ನನ್ನನ್ನು ಕೂರಿಸಿಕೊಂಡು, ಜೂನಿನಲ್ಲಿ ಖಾಯಂ ಆಗುವುದಿಲ್ಲ, ಈ ವರ್ಷ ಮುಗಿದ ಮೇಲೆ ಬೇರೆ ಕಡೆ ನೋಡಿಕೊಳ್ಳಿ ಅಂದರು. ತುಂಬ ಮೆಲುದನಿಯಲ್ಲಿ ಅಂದರು. ನೀನಾಗಿದ್ದರೆ ಕಿರುಚುತ್ತಿದ್ದೆ, ಅದೇ ವಾಸಿ ಅನ್ನಿಸಿತು.

ಸಂತೋಷವಾಯಿತಾ?

ತಂಗಿ


ಮೇ ೩೦

ತಂಗಿಗೆ,

ಸಂತೋಷವಾಗಲಿಲ್ಲ. ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಅದಕ್ಕೂ ನಿನ್ನ ಮೇಲೇ ಸಿಟ್ಟು ಬಂತು.

ಅಪ್ಪನ ಹೆಸರು ಬರೆದದ್ದು ನೋಡಿದೆ. ತಪ್ಪು ತಿದ್ದುವ ಕಾಗದದಲ್ಲಿ ತಂದೆಗೆ ವಂದನೆ! ಮೊದಲೇ ಬರೆದಿದ್ದರೆ ಒಳ್ಳೆಯದರ ಜೊತೆ ಇರುತ್ತಿತ್ತು. ಆದರೂ ಬರೆದೆಯಲ್ಲ.

ಎಡಚಣ್ಣನ ಮನೆಗೆ ಹೋಗಿದ್ದೆ. ಅವನು ಮಹಡಿಯಲ್ಲಿದ್ದ, ಸೊಸೆ ಕರೆದಳು, ಅರ್ಧ ಮೆಟ್ಟಿಲು ಇಳಿದು ಬಂದು ನಿಂತ. ನಾನು ಕೆಳಗೆ. ತಪ್ಪು ನಮ್ಮ ಕಡೆಯದು, ನೀನು ಸರಿಯಾಗೇ ತೂಗಿದ್ದೆ, ನಾಳೆಯಿಂದ ಬಾ ಅಂದೆ.

"ಕೇಳಿದ್ದು ಎಲ್ಲರ ಮುಂದೆ," ಅಂದ. "ಹೇಳೋದು ಮೆಟ್ಟಿಲ ಮೇಲಾ?"

ವಾಪಸು ಹತ್ತಿ ಹೋದ. ಅಷ್ಟೇ.

ನಾನೇನು ಡಂಗುರ ಹೊಡೆಸಬೇಕಾ? ಮನೆಬಾಗಿಲಿಗೆ ಹೋಗಿ ಹೇಳಿದ್ದು ಸಾಲದಾ? ಅಪ್ಪನ ಕಾಲದಲ್ಲಿ ಇಂಥ ಮಾತು ಆಡುತ್ತಿರಲಿಲ್ಲ ಅವನು. ನಿನ್ನ ತಿದ್ದುಪಡಿಯ ಒಂದು ಪ್ರತಿಯನ್ನು ಅವನಿಗೂ ಕಳಿಸು. ಅಚ್ಚಾದದ್ದನ್ನು ಕಂಡರೆ ತಣ್ಣಗಾಗುತ್ತಾನೋ ಏನೋ.

ಅಕ್ಕ


ಜೂನ್ ೨೦

ದೊಡ್ಡವಳಿಗೂ ಚಿಕ್ಕವಳಿಗೂ,

ಹೇಳ್ತಿರೋದು ನಾನು, ಬರೀತಿರೋದು ಸೊಸೆ. ಇಬ್ಬರಿಗೂ ಒಂದೊಂದು ಪ್ರತಿ ಮಾಡು ಅಂದಿದ್ದೀನಿ.

ಚಿಕ್ಕವಳು ಕಳಿಸಿದ ಅಚ್ಚಿನ ಹಾಳೆ ಬಂತು. ಸೊಸೆ ಓದಿ ಹೇಳಿದಳು. ನನ್ನ ತೂಕ ಸರಿ ಇತ್ತು ಅಂತ ಅದರಲ್ಲಿ ಎಲ್ಲೂ ಇಲ್ಲ. ಇರಲಿ, ಅದು ಓದಿದವರ ಪತ್ರಿಕೆ, ನನ್ನ ವಿಷಯ ಅವರಿಗ್ಯಾಕೆ. ಆದರೆ ಅಂಟು ನಿಮ್ಮಪ್ಪನದು ಅಂತ ಇದೆ. ಅದಕ್ಕೇ ಬರೆಸ್ತಿದ್ದೀನಿ.

ಅಂಟು ನಿಮ್ಮಪ್ಪನದಲ್ಲ. ನಾನು ಶೆಡ್ಡಿಗೆ ಬರೋಕೆ ಮುಂಚೆ ಲಕೋಟೆ ಅಂಟಿಸೋ ಕೆಲಸದಲ್ಲಿದ್ದೆ. ಅಲ್ಲಿಂದ ಬರೋವಾಗ ಒಂದು ಡಬ್ಬಿ ಜಾಲಿ ಅಂಟು ತಂದಿದ್ದೆ, ಚೀಟಿ ಅಂಟಿಸೋಕೆ. ಸೇರಿದ ಎರಡನೇ ವಾರ ಆ ಡಬ್ಬಿ ಕೈಜಾರಿ ಆಸಿಡ್ ಬಕೆಟ್ಟಿಗೆ ಬಿತ್ತು. ಬೈತಾರೆ ಅಂತ ಹೆದರಿ ಹೇಳಲಿಲ್ಲ. ಎರಡು ಬಕೆಟ್ ಇದ್ವು, ಎರಡರಲ್ಲೂ ಒಂದೊಂದು ತುಕ್ಕು ಸ್ಪ್ಯಾನರ್ ಹಾಕಿದ್ದೆ. ಮಧ್ಯಾಹ್ನ ತೆಗೆದು ನೋಡಿದ್ರೆ ಒಂದು ಸವೆದು ಹೋಗಿದೆ, ಅಂಟು ಬಿದ್ದ ಬಕೆಟ್ಟಿಂದು ಹಂಗೇ ಇದೆ. ಆಗ ನಿಮ್ಮಪ್ಪನಿಗೆ ತೋರಿಸಿದೆ. ಅವರು ಒಳ್ಳೇವ್ರು. ಬೆನ್ನು ತಟ್ಟಿದ್ರು. ಆಮೇಲೆ ಬಂದ ಗಿರಾಕಿಗಳಿಗೆಲ್ಲ ನಮ್ಮ ಅಂಟು ಅಂತ ಹೇಳ್ತಾ ಹೇಳ್ತಾ ನನ್ನ ಅಂಟು ಅಂದ್ರು. ನನಗೆ ಅದರಲ್ಲಿ ಬೇಜಾರಿರಲಿಲ್ಲ. ಕೆಲಸ ಇತ್ತು, ಮರ್ಯಾದೆ ಇತ್ತು.

ಒರೆಸಬಾರದು ಅಂತ ಕಲಿಸಿದ್ದೂ ನಾನೇ. ನಿಮ್ಮಿಬ್ಬರ ಗೆಣ್ಣಿಗೆ ಹೊಡೆದಿದ್ದೂ ನಾನೇ. ಹಂಗಾದ್ರೆ ಚಿಕ್ಕವಳ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನ ಬೇಕಾದ್ರೆ ಅಚ್ಚು ಹಾಕಿಸು, ನಾನು ಬೇಡ ಅನ್ನಲ್ಲ.

ನನ್ನ ಸಿಟ್ಟು ಅಂಟಿನ ವಿಷಯಕ್ಕಲ್ಲ. ಮಾರ್ಚಿನಿಂದ ನೀವಿಬ್ಬರೂ ಕಾಗದದಲ್ಲಿ ಕಿತ್ತಾಡ್ತಿದ್ದೀರಿ, ಅಪ್ಪನ ಹೆಸರು ಅಂತ, ಅಂಕಿ ಅಂತ. ಮೂವತ್ತೊಂದು ವರ್ಷ ತೊಟ್ಟಿ ಪಕ್ಕ ನಿಂತವನು ತೂಗಿದ್ದೀನಿ ಅಂದ್ರೆ ಒಬ್ಬಳಿಗೂ ಸಾಕಾಗಲಿಲ್ಲ. ಒಬ್ಬಳು ಕಳ್ಳ ಅಂದಳು, ಇನ್ನೊಬ್ಬಳು ಕಣ್ಣು ಕಾಣಲ್ಲ ಅಂದಳಂತೆ. ಆ ಮಾತು ಶೆಡ್ಡಿನ ಮೇಜಿನ ಮೇಲೆ ನಿಮ್ಮ ಕಾಗದ ಕಂಡ ಗುಮಾಸ್ತೆ ಬಂದು ಹೇಳಿದ. ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದ ಮೇಲೆ ಬರುತ್ತಾ?

ನಾನೀಗ ಹಳೇ ಲಕೋಟೆ ಕೆಲಸಕ್ಕೇ ಹೋಗ್ತಿದ್ದೀನಿ. ಅಲ್ಲಿ ನನ್ನ ಮೇಲೆ ಯಾರಿಗೂ ಅನುಮಾನ ಇಲ್ಲ. ಶೆಡ್ಡಿಗೆ ಬರೋದು ಬಿಡೋದು ಆಮೇಲಿನ ಮಾತು. ಎಲ್ಲಿ ಕೇಳಿದ್ರೋ ಅಲ್ಲೇ ಹೇಳಬೇಕು, ಅವರ ಮುಂದೇನೇ ಹೇಳಬೇಕು.

ಎಡಚಣ್ಣ


ಜೂನ್ ೨೪

ತಂಗಿಗೆ,

ಅವನ ಕಾಗದ ನಿನಗೂ ಬಂದಿರಬೇಕು. ಅಲ್ಲ, ಎಂಥ ಮನುಷ್ಯ! ಅಪ್ಪ ಉಸಿರು ನಿಲ್ಲಿಸಿ ಮೂರು ವರ್ಷವಾದ ಮೇಲೆ ಅಂಟು ನನ್ನದು ಅನ್ನುತ್ತಾನೆ. ಇಷ್ಟು ದಿನ ಬಾಯಲ್ಲಿ ಏನಿತ್ತು? ಅಪ್ಪ ಇದ್ದಿದ್ದರೆ ಎದುರು ನಿಂತು ಹೇಳುತ್ತಿದ್ದನಾ? ಒಂದು ಮಾತು ತಪ್ಪಾಗಿ ಆಡಿದೆ, ನಿಜ. ಅದಕ್ಕೆ ಸತ್ತವನನ್ನು ಕಳ್ಳ ಮಾಡುವುದಾ? ಕೈ ಕೊಟ್ಟರೆ ಹೆಗಲೇರುವುದು ಅಂದರೆ ಇದೇ.

ನೀನು ಉತ್ತರ ಬರೆ. ನಿನಗೆ ಅಳತೆಯ ಮಾತು ಬರುತ್ತದೆ. ಸಾಕ್ಷಿ ಏನಿದೆ ಅಂತ ಕೇಳು.

ಅಕ್ಕ


ಜುಲೈ ೧

ಅಕ್ಕನಿಗೆ,

ಸಾಕ್ಷಿ ಕೇಳುವುದಿಲ್ಲ. ಮಾರ್ಚಿನಲ್ಲಿ ತೂಗಿದ್ದೀನಿ ಅಂದ, ನಾವು ಸಾಕ್ಷಿ ಕೇಳಿದೆವು. ಈಗ ಅಂಟು ತಂದಿದ್ದೆ ಅನ್ನುತ್ತಿದ್ದಾನೆ, ಮತ್ತೆ ಸಾಕ್ಷಿ ಕೇಳು ಎನ್ನುತ್ತಿದ್ದೀಯ. ನಿನ್ನ ಕೈಯಾರೆ ಆರು ತುಂಡು ಇಳಿಸಿ ನೋಡಿದ ಮೇಲೂ ನಿನಗೆ ಬುದ್ಧಿ ಬರಲಿಲ್ಲ.

ಗೆಣ್ಣಿಗೆ ಬಿದ್ದ ಏಟು ನೆನಪಿಸಿಕೋ. ಹೊಡೆದವನು ಅಪ್ಪ ಅಂದುಕೊಂಡೇ ಇಷ್ಟು ವರ್ಷ ಕಳೆದೆವು. ನಾನು ನಿನ್ನೆ ಕಣ್ಣು ಮುಚ್ಚಿಕೊಂಡು ಕೂತು ನೋಡಿದೆ. ಹೊಡೆದದ್ದು ಎಡಗೈ. ಅಪ್ಪ ನಮ್ಮನ್ನು ಒಂದು ದಿನವೂ ಹೊಡೆಯಲಿಲ್ಲ, ಶೆಡ್ಡಿನಲ್ಲಿ ನಮ್ಮ ಪಕ್ಕ ನಿಲ್ಲುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ.

ಪತ್ರಿಕೆಗೆ ಎರಡನೇ ತಿದ್ದುಪಡಿ ಬರೆದಿದ್ದೇನೆ. ಅವರಿಗೆ ನನ್ನ ಕಾಗದ ಕಂಡರೆ ಈಗ ನಗು ಬರುತ್ತಿರಬೇಕು, ಬರಲಿ. ಆದರೆ ಶೆಡ್ಡಿನಲ್ಲಿ ಎಲ್ಲರ ಮುಂದೆ ಆಡಿದ ಮಾತು ನಿನ್ನದು, ಅದು ನಿನ್ನ ಕೆಲಸ. ನನ್ನನ್ನು ಅದಕ್ಕೆ ಎಳೆಯಬೇಡ. ನಾನು ಅಲ್ಲಿಗೆ ಬರುವುದಿಲ್ಲ.

ತಂಗಿ


ಜುಲೈ ೧೧

ತಂಗಿಗೆ,

ನಿನ್ನ ಕಾಗದ ಓದಿ ಹರಿದು ಹಾಕಿದೆ. ಆಮೇಲೆ ಅಂಟಿಸಿ ಮತ್ತೆ ಓದಿದೆ. ನೀನು ಹೇಳಿದ್ದು ನಿಜ, ಎಡಗೈಯೇ. ಇದನ್ನು ಒಪ್ಪಿಕೊಳ್ಳಲು ನನಗೆ ವಾರ ಬೇಕಾಯಿತು, ನಿನ್ನಿಂದ ಕೇಳಿ ಒಪ್ಪಿಕೊಳ್ಳಬೇಕಾಯಿತಲ್ಲ ಎಂದು ಇನ್ನೂ ಉರಿಯುತ್ತಿದೆ.

ಮೊನ್ನೆ ಮಧ್ಯಾಹ್ನ ಅವನಿಗೆ ಹೇಳಿ ಕಳಿಸಿದೆ. ಲಕೋಟೆ ಕೆಲಸದ ಊಟದ ಬಿಡುವಿನಲ್ಲಿ ಬಂದ. ಶೆಡ್ಡಿನೊಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತ. ಪೇಂಟರ್, ಕ್ರೇನಿನವನು, ಗುಮಾಸ್ತೆ, ಲಾರಿಯವನು ನಾಲ್ವರನ್ನೂ ತೊಟ್ಟಿಯ ಪಕ್ಕ ನಿಲ್ಲಿಸಿದೆ. ಮಾರ್ಚಿನಲ್ಲಿ ನಾನು ಇವನನ್ನು ಕಳ್ಳನೆಂದೆ, ಕಳ್ಳತನ ಇವನದಲ್ಲ, ಇವನ ತೂಕ ಸರಿಯಿತ್ತು, ತಪ್ಪಿದ್ದು ನನ್ನ ತಂಗಿ ಬರೆದ ಅಂಕಿ, ಅದನ್ನು ನಂಬಿದ ನಾನು ಅಂದೆ. ಅಂಟನ್ನು ಈ ಶೆಡ್ಡಿಗೆ ತಂದವನೂ ಇವನೇ, ನಮ್ಮಪ್ಪನಲ್ಲ ಅಂದೆ. ಪೇಂಟರ್ ನೆಲ ನೋಡುತ್ತಿದ್ದ. ಗುಮಾಸ್ತೆ ಸುಮ್ಮಸುಮ್ಮನೆ ಕನ್ನಡಕ ಒರೆಸಿದ.

ಎಡಚಣ್ಣ ಎಲ್ಲವನ್ನೂ ಕೇಳಿಸಿಕೊಂಡ. ತಲೆಯಾಡಿಸಲಿಲ್ಲ. ಆಮೇಲೆ ನನ್ನ ಹಿಂದೆ, ಅಕ್ಕಪಕ್ಕ ನೋಡಿ ಕೇಳಿದ.

"ಚಿಕ್ಕವಳೆಲ್ಲಿ?"

ಅವಳು ದೂರ ಇದ್ದಾಳೆ, ಅವಳಿಗೆ ಕೆಲಸ ಇದೆ, ಅಚ್ಚಿನಲ್ಲಿ ಹೇಳುತ್ತಾಳೆ ಅಂದೆ. ಅವನು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಅಪ್ಪ ಹೋದಾಗ ನೀನು ಬರುವುದು ತಡವಾಯಿತಲ್ಲ, ಆಗ ನಾನು ನಿನ್ನನ್ನು ಇದೇ ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ ಆಡಬಾರದ್ದೆಲ್ಲ ಆಡಿದೆನಲ್ಲ, ಆ ದಿನವೂ ಅವನು ನನ್ನನ್ನು ಹೀಗೇ ನೋಡಿದ್ದ. ಅವನು ಅಲ್ಲೇ ನಿಂತಿದ್ದ, ಎಲ್ಲರ ಜೊತೆ. ಎಲ್ಲರಿಗೂ ಕೇಳಿಸಿತ್ತು.

"ಅವಳೂ ಬರಲಿ," ಅಂದ. "ಅವಳಿಗೂ ಇಲ್ಲೇ ಹೇಳಿದ್ದಲ್ವಾ ನೀನು?"

ಊಟದ ಹೊತ್ತು ಮುಗೀತು ಅಂತ ಹೊರಟುಹೋದ.

ನಾಲ್ವರಿಗೂ ಹೇಳಿದ್ದೇನೆ, ಬರುವ ಸೋಮವಾರ ಮಧ್ಯಾಹ್ನ ಮತ್ತೆ ಇಲ್ಲೇ ನಿಲ್ಲಿ ಅಂತ. ಅವನಿಗೂ ಹೇಳಿ ಕಳಿಸಿದ್ದೇನೆ. ಈ ಸಲ ನಾನು ಹೇಳಬೇಕಾದದ್ದು ಅವನಿಗಲ್ಲ. ಆವತ್ತು ಬಾಗಿಲಲ್ಲಿ ಆಡಿದ ಮಾತಿಗೆ ನಾನು ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ, ಚೆನ್ನಾಗಿ ಹೇಳುತ್ತೇನೆ ಅಂತಲೂ ಅಂದುಕೊಳ್ಳಬೇಡ. ಬಂದರೆ ಕೇಳಿಸಿಕೊಂಡು ಹೋಗು. ಬರದಿದ್ದರೂ ಆ ನಾಲ್ವರ ಮುಂದೆ ನಾನು ಹೇಳಿಯೇ ಹೇಳುತ್ತೇನೆ.

ಅಕ್ಕ